ಬಾಗಿಲಲ್ಲಿ ನಿಂತ ನಾಯಿ

ಹೋದ ವರ್ಷ ಅವರೆಕಾಯಿ ಕಾಲ. ಒಂದು ಸಂಜೆ ಅಮ್ಮ ಅಡುಗೆಮನೆಯ ನೆಲದ ಮೇಲೆ ಹಳೇ ಪೇಪರ್ ಹಾಸಿಕೊಂಡು ಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಸಹಾಯ ಮಾಡುವವನ ಹಾಗೆ ನಟಿಸುತ್ತಾ, ಫೋನಿನಲ್ಲಿ ಹಾಡು ಕೇಳುತ್ತಿದ್ದೆ. ಇಯರ್‌ಫೋನ್ ಕೆಟ್ಟಿತ್ತು. ಹಾಗಾಗಿ ಜೋರಾಗಿಯೇ ಹಾಕಿದ್ದೆ. ಮೊದಲು ಬಂದದ್ದು ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ‘ಹೌಂಡ್ ಡಾಗ್’. ಅಮ್ಮ ತಲೆ ಎತ್ತಲಿಲ್ಲ. “ಅದೇನೋ ಗಲಾಟೆ, ಸ್ವಲ್ಪ ಸಣ್ಣಗೆ ಇಡು” ಅಂದಳು ಅಷ್ಟೆ. ಅದು ಮುಗಿಯಿತು. ಅದೇ ಹಾಡು ಇನ್ನೊಂದು ದನಿಯಲ್ಲಿ ಶುರುವಾಯಿತು. ಬಿಗ್ ಮಾಮಾ ಥಾರ್ನ್‌ಟನ್ ಅನ್ನುವ ಕಪ್ಪು ಗಾಯಕಿಯದು. ಎಲ್ವಿಸ್‌ಗಿಂತ ಸುಮಾರು ನಾಲ್ಕು ವರ್ಷ ಮೊದಲು ಹಾಡಿದ್ದು. ಅರ್ಧ ನಿಮಿಷ ಆಗಿರಬಹುದು, ಅಮ್ಮನ ಕೈ ನಿಂತಿತು.

“ಯಾರಿಗೋ ಬೈತಿದ್ದಾಳಲ್ಲ ಇವಳು?”

“ಹೌದು.”

“ಚೆನ್ನಾಗಿ ಬೈತಿದ್ದಾಳೆ. ಸಾಲ ತಗೊಂಡು ವಾಪಸ್ ಕೊಟ್ಟಿಲ್ಲ ಅನ್ಸತ್ತೆ.”

ಸಾಲದ ವಿಷಯ ತಪ್ಪು. ಮಿಕ್ಕಿದ್ದೆಲ್ಲ ಸರಿ. ಅಮ್ಮನಿಗೆ ಆ ಹಾಡುಗಾರ್ತಿ ಹುಟ್ಟಿದ ಅಲಬಾಮಾ ಗೊತ್ತಿಲ್ಲ, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಗೊತ್ತಿಲ್ಲ, ಹಾಡಿನ ಒಂದು ಪದವೂ ಕಿವಿಗೆ ಸಿಕ್ಕಿರಲಾರದು. ಆದರೂ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಒಬ್ಬನನ್ನು ಆಚೆ ಅಟ್ಟುತ್ತಿದ್ದಾಳೆ ಅಂತ ಅವಳಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ನನಗೆ ಗೊತ್ತಾಗಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬೇಕಾಯಿತು. ಯಾಕಂದರೆ ನಾನು ಮೊದಲು ಕೇಳಿದ್ದು ಎಲ್ವಿಸ್‌ನದು. ಹಾಸ್ಟೆಲಿನಲ್ಲಿ ರೂಮ್‌ಮೇಟ್ ತಂದಿದ್ದ ಕ್ಯಾಸೆಟ್. ಅದರಲ್ಲಿ ಒಬ್ಬ ಗಂಡಸು, ನೀನು ಬರೀ ನಾಯಿ, ಯಾವಾಗಲೂ ಅಳ್ತಿರ್ತೀಯ, ಒಂದು ಮೊಲ ಕೂಡ ಹಿಡಿದವನಲ್ಲ ಅಂತ ಕೂಗುತ್ತಾನೆ. ಇವನಿಗೆ ನಿಜವಾಗಲೂ ಬೇಟೆನಾಯಿಯ ಮೇಲೆ ಸಿಟ್ಟಾ ಅಂತ ನಾವು ನಕ್ಕಿದ್ದೆವು. ಅರ್ಥ ಯಾರಿಗೆ ಬೇಕಿತ್ತು? ಡ್ರಮ್ ಸಾಕಾಗಿತ್ತು.

ಅರ್ಥ ಇತ್ತು, ಆದರೆ ಮೂಲ ಹಾಡಿನಲ್ಲಿ. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ‘ಹೌಂಡ್ ಡಾಗ್’ ಅಂದರೆ ಹೆಂಗಸರ ಮನೆ ಬಾಗಿಲು ಸುತ್ತಿಕೊಂಡು, ಅವರ ದುಡಿಮೆಯಲ್ಲಿ ತಿಂದುಂಡು ಬದುಕುವ ಗಂಡಸು. ನಮ್ಮಲ್ಲಿ ‘ಉಂಡಾಡಿ’ ಅನ್ನುತ್ತೇವಲ್ಲ, ಬಹುಪಾಲು ಅದೇ. ಹಾಡಿನಲ್ಲಿ ಅವಳು ಹೇಳುವುದು ಇಷ್ಟು: ದೊಡ್ಡ ಮನುಷ್ಯ ಅಂತ ಹೇಳ್ಕೊಂಡು ಬಂದೆ, ನಿನ್ನ ಬಣ್ಣ ಗೊತ್ತಾಯ್ತು. ನನ್ನ ಬಾಗಿಲ ಹತ್ರ ಮೂಸೋದು ನಿಲ್ಲಿಸು. ಬೇಕಾದ್ರೆ ಬಾಲ ಅಲ್ಲಾಡಿಸು, ಇನ್ಮೇಲೆ ಊಟ ಹಾಕಲ್ಲ. ಊಟ ಅಂದರೆ ಬರೀ ಊಟ ಅಲ್ಲ ಅಂತ ಅವಳ ದನಿ ಕೇಳಿದರೇ ತಿಳಿಯುತ್ತದೆ.

ಈ ಬೈಗುಳ ಬರೆದವರು ಇಬ್ಬರು ಹುಡುಗರು. ಅದೂ ಬಿಳಿಯರು, ಯಹೂದಿ ಮನೆತನದವರು, ಇಬ್ಬರಿಗೂ ಹತ್ತೊಂಬತ್ತು ವರ್ಷ. ಜೆರ್ರಿ ಲೀಬರ್ ಪದ ಕಟ್ಟುತ್ತಿದ್ದ, ಮೈಕ್ ಸ್ಟಾಲರ್ ರಾಗ ಹಾಕುತ್ತಿದ್ದ. 1952ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಬ್ಯಾಂಡ್ ಲೀಡರ್ ಜಾನಿ ಓಟಿಸ್ ಇವರನ್ನು ಕರೆಸಿ, ನಮ್ಮ ಹತ್ರ ಒಬ್ಬಳು ಹಾಡುಗಾರ್ತಿ ಇದ್ದಾಳೆ, ಅವಳಿಗೊಂದು ಹಾಡು ಬೇಕು ಅಂದ. ಓಟಿಸ್‌ನ ಕಥೆಯೂ ವಿಚಿತ್ರವೇ. ಗ್ರೀಕ್ ವಲಸಿಗರ ಮಗ. ಆದರೆ ಕಪ್ಪು ಜನರ ನಡುವೆ ಬೆಳೆದು, ತಾನೂ ಅವರವನೇ ಅಂತ ತೀರ್ಮಾನ ಮಾಡಿಕೊಂಡು ಕೊನೆಯವರೆಗೂ ಹಾಗೆಯೇ ಬದುಕಿದವನು.

ಹುಡುಗರು ಹೋಗಿ ನೋಡಿದರು. ವಿಲ್ಲಿ ಮೇ ಥಾರ್ನ್‌ಟನ್. ಎತ್ತರದ, ದಪ್ಪನೆಯ ಹೆಂಗಸು. ಎಷ್ಟೋ ಸಲ ಗಂಡಸರ ಬಟ್ಟೆಯಲ್ಲೇ ಓಡಾಡುತ್ತಿದ್ದವಳು. ಅವಳು ಹುಟ್ಟಿದ್ದು 1926ರಲ್ಲಿ, ಅಲಬಾಮಾದಲ್ಲಿ. ಅಪ್ಪ ಪಾದ್ರಿ, ಅಮ್ಮ ಚರ್ಚಿನಲ್ಲಿ ಹಾಡುತ್ತಿದ್ದವಳು. ಚಿಕ್ಕ ವಯಸ್ಸಿನಲ್ಲೇ ತಾಯಿ ಹೋದಳು. ಹದಿಹರೆಯದಲ್ಲಿ ಒಂದು ಸಂಚಾರಿ ನಾಟಕ ಮಂಡಳಿ ಸೇರಿ ಊರೂರು ಸುತ್ತಿದಳು. ಡ್ರಮ್, ಹಾರ್ಮೋನಿಕಾ ಎರಡನ್ನೂ ಯಾರೂ ಕಲಿಸದೆ ಕಲಿತಳು. 1948ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಬಂದು ಅಲ್ಲಿನ ಪೀಕಾಕ್ ರೆಕಾರ್ಡ್ಸ್‌ನ ಡಾನ್ ರೋಬಿ ಕೈಗೆ ಸಿಕ್ಕಳು. ‘ಸಿಕ್ಕಳು’ ಅನ್ನೋ ಪದವನ್ನು ಬೇಕೆಂತಲೇ ಹಾಕಿದ್ದೇನೆ. ‘ಬಿಗ್ ಮಾಮಾ’ ಅನ್ನುವ ಹೆಸರು ಅಂಟಿಕೊಂಡದ್ದು ನ್ಯೂಯಾರ್ಕ್‌ನ ಅಪೊಲೊ ಥಿಯೇಟರಿನಲ್ಲಿ.

ಅವಳ ಹಾಡು ಕೇಳಿ ಇಬ್ಬರೂ ಕಾರು ಹತ್ತಿದರು. ಸ್ಟಾಲರ್ ಓಡಿಸುತ್ತಿದ್ದ. ಲೀಬರ್ ಕೈ ಆಚೆ ಹಾಕಿ ಕಾರಿನ ಮೇಲ್ಛಾವಣಿಯ ಮೇಲೆ ತಾಳ ಬಡಿಯುತ್ತಾ ಪದ ಹುಡುಕುತ್ತಿದ್ದ. ಮನೆ ಮುಟ್ಟುವಷ್ಟರಲ್ಲಿ ಹಾಡಿನ ಬೆನ್ನುಮೂಳೆ ಸಿಕ್ಕಿತ್ತು. ಸ್ಟಾಲರ್ ಕೂರುವ ವ್ಯವಧಾನವೂ ಇಲ್ಲದೆ ನಿಂತುಕೊಂಡೇ ಪಿಯಾನೋ ಬಾರಿಸಿದನಂತೆ. ಬಾಯಲ್ಲಿ ಸಿಗರೇಟು, ಹೊಗೆ ಕಣ್ಣಿಗೆ ಹೋಗಿ ಉರಿಯುತ್ತಿತ್ತಂತೆ. ಹತ್ತು ಹದಿನೈದು ನಿಮಿಷದಲ್ಲಿ ಹಾಡು ಮುಗಿಯಿತು. ಮುಂದೆ ಇಬ್ಬರೂ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೆ ಅಂದರೆ ಅದಕ್ಕೇ ಒಂದು ತಾಳ ಬಂದುಬಿಟ್ಟಿದೆ.

ಬರೆದ ಹಾಡನ್ನು ಅವಳ ಕೈಗೆ ಕೊಟ್ಟರೆ ಅವಳು ಮೆತ್ತಗೆ, ಪ್ರೇಮಗೀತೆಯ ಹಾಗೆ ಎಳೆದು ಹಾಡತೊಡಗಿದಳು. ಲೀಬರ್‌ಗೆ ಗಾಬರಿ. ಹೀಗಲ್ಲ ಅಂತ ಹೇಳಲು ಹೋದ. ಬ್ಲೂಸ್ ಹೇಗೆ ಹಾಡಬೇಕು ಅಂತ ನಂಗೆ ಹೇಳ್ಕೊಡೋಕೆ ಬರ್ಬೇಡ ಕಣೋ ಬಿಳಿ ಹುಡುಗ, ಅನ್ನುವ ಅರ್ಥದಲ್ಲಿ ಅವಳು ಗದರಿದಳು. ಕೊನೆಗೆ ಲೀಬರ್ ತಾನೇ ಹಾಡಿ ತೋರಿಸಿದ, ಸ್ಟಾಲರ್ ಪಿಯಾನೋ ನುಡಿಸಿದ. ಅವಳು ಕೇಳಿದಳು. ಆಮೇಲೆ ತನ್ನದೇ ಮಾಡಿಕೊಂಡಳು. ಆಗಸ್ಟ್ 13ರಂದು ಧ್ವನಿಮುದ್ರಣ. ಡ್ರಮ್ ತಾವು ಅಂದುಕೊಂಡ ಹಾಗೆ ಬರಬೇಕು ಅಂತ ಹುಡುಗರು ಓಟಿಸ್‌ನನ್ನೇ ಡ್ರಮ್ ಮುಂದೆ ಕೂರಿಸಿದರು. ಹಾಗಾಗಿ ಹುಡುಗರಿಬ್ಬರೂ ಆಚೆ ಕಂಟ್ರೋಲ್ ರೂಮಿನಲ್ಲಿ ಕೂತು ಕೆಲಸ ನೋಡಿಕೊಂಡರು.

ಈ ರೆಕಾರ್ಡ್ ಅನ್ನು ಒಮ್ಮೆ ನಿಧಾನವಾಗಿ ಕೇಳಬೇಕು. ಮೊದಲ ಪದಕ್ಕೆ ಹಿಂದೆ ಏನೂ ಇಲ್ಲ. ಪೀಠಿಕೆ ಇಲ್ಲ, ವಾದ್ಯ ಇಲ್ಲ. ಬಾಗಿಲು ತೆಗೆದದ್ದೇ ಬೈಗುಳ. ಅವಳ ದನಿ ಗಂಟಲಿನಿಂದ ಬರುವ ಹಾಗೆ ಕೇಳುವುದಿಲ್ಲ, ಹೊಟ್ಟೆಯಿಂದ ಎದ್ದು ಹಲ್ಲಿಗೆ ಉಜ್ಜಿಕೊಂಡು ಬರುತ್ತದೆ. ಹಿಂದೆ ಚಪ್ಪಾಳೆ ಇದೆ, ತೂಗಿ ತೂಗಿ ನಡೆಯುವ ತಾಳ. ಅವಸರ ಒಂಚೂರೂ ಇಲ್ಲ. ಸಿಟ್ಟು ಬಂದವರು ಅವಸರ ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಬೈಯುವುದರಲ್ಲಿ ಪಳಗಿದ ಹೆಂಗಸರನ್ನು ನೋಡಿದ್ದೀರಾ? ಅವರಿಗೆ ಸಮಯ ಇರುತ್ತದೆ. ನಮ್ಮ ಬೀದಿಯ ನಲ್ಲಿ ಹತ್ತಿರ ಒಬ್ಬರು ಅಜ್ಜಿ ಇದ್ದರು. ಕೊಡ ತುಂಬುವವರೆಗೆ ಬೈದು, ಕೊಡ ಸೊಂಟಕ್ಕೇರಿಸಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ತಿರುಗಿ ನಿಂತು ಉಳಿದಿದ್ದನ್ನು ಮುಗಿಸುತ್ತಿದ್ದರು. ಥಾರ್ನ್‌ಟನ್ ಹಾಡಿನಲ್ಲಿ ಆ ತಿರುಗಿ ನಿಲ್ಲುವ ಜಾಗ ಇದೆ. ಪೀಟ್ ಲೂಯಿಸ್‌ನ ಗಿಟಾರ್ ಸೋಲೋ ಬರುವಾಗ ಅವಳು ಸುಮ್ನೆ ಇರುವುದಿಲ್ಲ. ಗಿಟಾರಿನ ಜೊತೆ ಮಾತಾಡುತ್ತಾಳೆ, ಹುರಿದುಂಬಿಸುತ್ತಾಳೆ, ಊಳಿಡುತ್ತಾಳೆ. ಗಿಟಾರ್ ಕೂಡ ಅವಳಿಗೆ ಹೂಂಗುಡುತ್ತದೆ.

ಹಾಡಿನ ಕಟ್ಟು ಹನ್ನೆರಡು ಬಾರ್‌ನ ಬ್ಲೂಸ್. ಅಂದರೆ ಹನ್ನೆರಡು ಅಳತೆಗಳ ಒಂದು ಸುತ್ತು, ಅದರೊಳಗೆ ಮೂರು ಸಾಲು. ಮೊದಲ ಸಾಲು ಹೇಳು, ಅದನ್ನೇ ಇನ್ನೊಮ್ಮೆ ಹೇಳು, ಮೂರನೆಯದರಲ್ಲಿ ಏಟು ಕೊಡು. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಬೀಸುಕಲ್ಲಿನ ತ್ರಿಪದಿ. ಅಲ್ಲೂ ಮೂರೇ ಸಾಲು, ಹಾಡುವಾಗ ಎರಡನೆಯದನ್ನು ಮತ್ತೆ ಹೇಳಿ ಆಮೇಲೆ ಮೂರನೆಯದಕ್ಕೆ ಹೋಗುತ್ತಾರೆ. ಒಂದಕ್ಕೊಂದು ಸಂಬಂಧ ಏನೂ ಇಲ್ಲ ಬಿಡಿ. ಕೈಗೆ ಕೆಲಸ ಇರುವಾಗ ಬಾಯಿಗೆ ಮುಂದಿನ ಸಾಲು ಹೊಳೆಯಲು ಒಂದಿಷ್ಟು ಹೊತ್ತು ಬೇಕು, ಅಲ್ವಾ? ಅದಕ್ಕೇ ಇಬ್ಬರೂ ಒಂದೇ ಉಪಾಯ ಕಂಡುಕೊಂಡಿರಬಹುದು.

ರೆಕಾರ್ಡ್ ಮಾರುಕಟ್ಟೆಗೆ ಬಂದದ್ದು 1953ರಲ್ಲಿ. ಅಷ್ಟರಲ್ಲಿ ಅವಳಿಗೆ ಅದು ಮರೆತೇ ಹೋಗಿತ್ತಂತೆ. ಒಹಾಯೊದ ಡೇಟನ್ ಊರಿನಲ್ಲಿ ಥಿಯೇಟರಿಗೆ ಹೋಗುತ್ತಾ ಕಾರಿನ ರೇಡಿಯೊ ಹಾಕಿದಳು. ದೇಶಾದ್ಯಂತ ಓಡುತ್ತಿರುವ ರೆಕಾರ್ಡ್ ಅಂತ ಹೇಳಿ ಇವಳ ಹಾಡನ್ನೇ ಹಾಕಿದರು. ಅಯ್ಯೋ ಇದು ನಾನೇ ಅಲ್ವಾ ಅಂತ ಆಗ ನೆನಪಾಯಿತು. ಕಪ್ಪು ಜನರ ಸಂಗೀತಕ್ಕೆ ಆಗ ಬೇರೆ ಪಟ್ಟಿ, ‘ರಿದಮ್ ಅಂಡ್ ಬ್ಲೂಸ್’ ಅಂತ. ಅದರಲ್ಲಿ ಹಾಡು ಏಳು ವಾರ ಮೊದಲ ಸ್ಥಾನದಲ್ಲಿತ್ತು. ಐದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅವಳಿಗೆ ಬಂದದ್ದು 500 ಡಾಲರಿನ ಒಂದು ಚೆಕ್. ಆಮೇಲೆ ಒಂದು ಕಾಸನ್ನೂ ನೋಡಲಿಲ್ಲ ಅಂತ ಜೀವನಪೂರ್ತಿ ಹೇಳಿಕೊಂಡು ಬಂದಳು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಲಭ. ಕಪ್ಪು ಹೆಂಗಸು ಹಾಡಿದಳು, ಬಿಳಿಯರು ಕದ್ದರು. ನಾನೂ ಹಲವು ವರ್ಷ ಹಾಗೆಯೇ ಹೇಳಿಕೊಂಡು ತಿರುಗಿದೆ. ಗೆಳೆಯರ ಮುಂದೆ ಹೇಳಲು ಚೆನ್ನಾಗಿರುತ್ತದೆ. ಆದರೆ ಹತ್ತಿರ ಹೋದರೆ ಎಲ್ಲಾ ಗೋಜಲು. 500 ಡಾಲರ್ ಕೊಟ್ಟು ಕೈತೊಳೆದುಕೊಂಡ ಡಾನ್ ರೋಬಿ ಸ್ವತಃ ಕಪ್ಪು ವರ್ತಕ. ಆ ಕಾಲದಲ್ಲಿ ಸ್ವಂತ ರೆಕಾರ್ಡ್ ಕಂಪನಿ ಕಟ್ಟಿದ ಗಟ್ಟಿಗ. ಬಿಳಿ ಹುಡುಗರಿಗೂ ಅವನಿಂದ ಸಿಕ್ಕಿದ್ದು ಮೋಸವೇ. 1,200 ಡಾಲರಿನ ಮುಂಗಡ ಚೆಕ್ ಕೊಟ್ಟ, ಅದು ಬೌನ್ಸ್ ಆಯಿತು. ಹುಡುಗರಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ, ಹಾಗಾಗಿ ಕರಾರಿಗೆ ಅವರ ತಾಯಂದಿರು ಪೋಷಕರಾಗಿ ಬರಬೇಕಾಯಿತು. ಡ್ರಮ್ ಬಾರಿಸಿದ ಓಟಿಸ್, ಹಾಡಿನಲ್ಲಿ ನನ್ನದೂ ಮೂರನೇ ಒಂದು ಪಾಲಿದೆ ಅಂತ ಮುಂದೆ ಕೋರ್ಟಿಗೆ ಹೋದ. ಬರೆದವರು ಇಬ್ಬರೇ ಅಂತ 1957ರಲ್ಲಿ ತೀರ್ಪಾಯಿತು.

ಇನ್ನೊಂದು ತಮಾಷೆ ಇದೆ. ಥಾರ್ನ್‌ಟನ್ ಹಾಡು ಬಂದ ಕೆಲವೇ ವಾರಗಳಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್‌ನಿಂದ ಅದಕ್ಕೆ ಉತ್ತರ ಬಂತು. ಬೈಸಿಕೊಂಡ ಗಂಡಸಿನ ಕಡೆಯಿಂದ. ರೂಫಸ್ ಥಾಮಸ್ ಅನ್ನುವ ಕಪ್ಪು ಗಾಯಕ ‘ಬೇರ್ ಕ್ಯಾಟ್’ ಅಂತ ಹಾಡಿದ. ನಾನು ನಾಯಿಯಾದರೆ ನೀನು ನನ್ನ ಬಾಗಿಲು ಪರಚುವ ಕಾಡುಬೆಕ್ಕು ಅಂತ. ರಾಗ ಅದೇ. ರೆಕಾರ್ಡ್ ಮೇಲೆ ಬರೆದವರ ಹೆಸರು ಮಾತ್ರ ಕಂಪನಿಯ ಒಡೆಯ ಸ್ಯಾಮ್ ಫಿಲಿಪ್ಸ್‌ನದು! ಸನ್ ಕಂಪನಿಯ ಮೊದಲ ದೊಡ್ಡ ಹಿಟ್ ಇದು. ರೋಬಿ ಸುಮ್ಮನಿರುತ್ತಾನಾ? ಕೇಸು ಹಾಕಿ ಗೆದ್ದ. ಫಿಲಿಪ್ಸ್ ದುಡ್ಡು ತೆರಬೇಕಾಯಿತು. ಸನ್ ಕಂಪನಿಗೆ ಯಾವಾಗಲೂ ದುಡ್ಡಿನ ಮುಗ್ಗಟ್ಟು. ಕೊನೆಗೆ 1955ರ ನವೆಂಬರ್‌ನಲ್ಲಿ ಫಿಲಿಪ್ಸ್ ತನ್ನ ಹತ್ತಿರ ಇದ್ದ ಒಬ್ಬ ಹುಡುಗನ ಕರಾರನ್ನು 35,000 ಡಾಲರಿಗೆ ಆರ್‌ಸಿಎ ಕಂಪನಿಗೆ ಮಾರಿದ. ಆ ಹುಡುಗನ ಹೆಸರು ಎಲ್ವಿಸ್ ಪ್ರೀಸ್ಲಿ.

ಎಲ್ವಿಸ್ ಈ ಹಾಡನ್ನು ನೇರವಾಗಿ ಥಾರ್ನ್‌ಟನ್‌ಳಿಂದ ತೆಗೆದುಕೊಳ್ಳಲಿಲ್ಲ. ನಡುವೆ ಒಂದು ತಂಡ ಬರುತ್ತದೆ. ಫ್ರೆಡ್ಡಿ ಬೆಲ್ ಅಂಡ್ ದಿ ಬೆಲ್‌ಬಾಯ್ಸ್ ಅಂತ. ಲಾಸ್ ವೇಗಸ್‌ನ ಹೋಟೆಲುಗಳಲ್ಲಿ ಊಟಕ್ಕೆ ಬಂದವರನ್ನು ನಗಿಸುತ್ತಾ ಹಾಡುವ ಬಿಳಿ ಹುಡುಗರು. ಅವರು 1955ರಲ್ಲಿ ‘ಹೌಂಡ್ ಡಾಗ್’ ರೆಕಾರ್ಡ್ ಮಾಡಿದಾಗ, ರೇಡಿಯೊದವರಿಗೆ ಕಸಿವಿಸಿ ಆಗದಿರಲಿ ಅಂತ ಸಾಹಿತ್ಯ ತಿದ್ದಿದರು. ಬಾಗಿಲಲ್ಲಿ ಮೂಸುವುದು ಹೋಯಿತು, ಅಲ್ಲಿಗೆ ‘ಯಾವಾಗಲೂ ಅಳುತ್ತೀಯ’ ಬಂತು. ಬಾಲ, ಊಟ ಹೋಯಿತು, ಮೊಲ ಬಂತು. ಮೊಲ! ನಾನು ಹಾಸ್ಟೆಲಿನಲ್ಲಿ ತಲೆ ಕೆರೆದುಕೊಂಡ ಮೊಲ ಇದೇ. ಒಬ್ಬ ಉಂಡಾಡಿ ಗಂಡಸು ಇದ್ದಕ್ಕಿದ್ದ ಹಾಗೆ ನಿಜವಾದ ನಾಯಿಯಾಗಿಬಿಟ್ಟ. ಬರೆದ ಲೀಬರ್‌ಗೆ ಆ ಮೊಲದ ಮೇಲೆ ಸಾಯುವ ತನಕ ಸಿಟ್ಟು. ಇದಕ್ಕೆ ಅರ್ಥವೇ ಇಲ್ಲ ಅಂತ ಸಿಕ್ಕಿದವರ ಹತ್ತಿರವೆಲ್ಲ ಹೇಳುತ್ತಿದ್ದ.

1956ರ ಏಪ್ರಿಲ್ ಕೊನೆಯಲ್ಲಿ ಎಲ್ವಿಸ್ ವೇಗಸ್‌ನ ನ್ಯೂ ಫ್ರಾಂಟಿಯರ್ ಹೋಟೆಲಿನಲ್ಲಿ ಎರಡು ವಾರ ಹಾಡಿದ. ಎದುರಿಗೆ ಕೂತವರು ನಡುವಯಸ್ಸಿನ, ದುಡ್ಡಿನ ಜನ. ಇವನನ್ನು ನೋಡಿ ಮುಖ ಕಿವುಚಿದರು. ಆದರೆ ಆ ಊರಿನಿಂದ ಅವನು ಬರಿಗೈಯಲ್ಲಿ ವಾಪಸಾಗಲಿಲ್ಲ. ಬೆಲ್‌ಬಾಯ್ಸ್ ಹಾಡುವುದನ್ನು ನೋಡಿ ‘ಹೌಂಡ್ ಡಾಗ್’ ಹಿಡಿದುಕೊಂಡು ಬಂದ.

ಜೂನ್ 5ರಂದು ಮಿಲ್ಟನ್ ಬರ್ಲ್‌ನ ಟಿವಿ ಕಾರ್ಯಕ್ರಮ. ಆ ದಿನ ಕೈಯಲ್ಲಿ ಗಿಟಾರ್ ಇರಲಿಲ್ಲ. ಹಾಡು ಮುಗಿಯಿತು ಅನ್ನುವಾಗ ಎಲ್ವಿಸ್ ತಾಳವನ್ನು ಅರ್ಧಕ್ಕೆ ಇಳಿಸಿ, ಮೈಕ್ ಸ್ಟ್ಯಾಂಡ್ ಹಿಡಿದುಕೊಂಡು ಸೊಂಟ ತಿರುಗಿಸಿದ. ಮಾರನೇ ದಿನ ಪತ್ರಿಕೆಗಳು ಬೆಂಕಿ ಕಾರಿದವು. ಪಾದ್ರಿಗಳು, ತಂದೆತಾಯಿಗಳು, ಮೇಷ್ಟ್ರುಗಳು ಎಲ್ಲರೂ ಬೈದರು. ಹಾಗಾಗಿ ಜುಲೈ 1ರಂದು ಸ್ಟೀವ್ ಆಲನ್‌ನ ಕಾರ್ಯಕ್ರಮದಲ್ಲಿ ಅವನನ್ನು ‘ಸರಿ’ ಮಾಡಿದರು. ಹಿಂದೆ ಬಾಲದ ಹಾಗೆ ಇಳಿಬಿದ್ದ ಕೋಟು, ಬಿಳಿ ಬೋ ಟೈ ಹಾಕಿಸಿದರು. ಎದುರಿಗೆ ಒಂದು ಬ್ಯಾಸೆಟ್ ಹೌಂಡ್ ನಾಯಿಯನ್ನು ಕೂರಿಸಿ, ಅದರ ತಲೆಗೂ ಒಂದು ಟೋಪಿ ಇಟ್ಟು, ಇದಕ್ಕೆ ಹಾಡು ಅಂದರು. ಆ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ಎಲ್ವಿಸ್ ನಗುತ್ತಾ ನಿಭಾಯಿಸುತ್ತಾನೆ, ನಾಯಿಗೆ ಮುತ್ತನ್ನೂ ಕೊಡುತ್ತಾನೆ. ನಾಯಿ ಆ ಕಡೆ ಈ ಕಡೆ ನೋಡುತ್ತದೆ. ಪಾಪ, ಇಬ್ಬರಿಗೂ ಅಲ್ಲಿಂದ ಹೋದರೆ ಸಾಕಾಗಿದೆ. ಬಾಗಿಲಲ್ಲಿ ನಿಂತ ಹೆಂಗಸು ಗಂಡಸಿಗೆ ಹಾಕಿದ ಬೈಗುಳ ನಾಲ್ಕೇ ವರ್ಷದಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು, ಟೋಪಿ ಹಾಕಿದ ನಾಯಿಗೆ.

ಮಾರನೇ ದಿನ, ಜುಲೈ 2. ನ್ಯೂಯಾರ್ಕ್‌ನ ಆರ್‌ಸಿಎ ಸ್ಟುಡಿಯೊ. ಹೊರಗೆ ಅಭಿಮಾನಿಗಳು ನಮಗೆ ನಿಜವಾದ ಎಲ್ವಿಸ್ ಬೇಕು ಅಂತ ಫಲಕ ಹಿಡಿದು ನಿಂತಿದ್ದರು. ಒಳಗೆ ಎಲ್ವಿಸ್ ಒಂದೇ ಹಾಡನ್ನು 31 ಸಲ ಹಾಡಿದ. ಕೇಳಿ ನೋಡಿ, ಎರಡೂಕಾಲು ನಿಮಿಷ ಅಷ್ಟೆ. ಥಾರ್ನ್‌ಟನ್‌ಳ ತೂಗಾಟ ಪೂರ್ತಿ ಮಾಯ. ಡಿ.ಜೆ. ಫಾಂಟಾನಾನ ಡ್ರಮ್ ಪ್ರತಿ ಸುತ್ತಿನ ಕೊನೆಗೂ ಮೆಷಿನ್‌ಗನ್ ಹಾಗೆ ಬಡಿಯುತ್ತದೆ. ಸ್ಕಾಟಿ ಮೂರ್‌ನ ಗಿಟಾರ್ ತಂತಿ ಕಿತ್ತುಕೊಂಡು ಬರುವ ಹಾಗೆ ಕಿರುಚುತ್ತದೆ. ವೇಗಸ್‌ನ ತಮಾಷೆಯ ಹಾಡು ಇದಲ್ಲವೇ ಅಲ್ಲ. ಹಲ್ಲು ಕಚ್ಚಿ ಹಾಡಿದ್ದು.

ಇದು ನನ್ನ ಊಹೆ, ಯಾರೂ ಒಪ್ಪಬೇಕಿಲ್ಲ. ಹಿಂದಿನ ರಾತ್ರಿ ತನ್ನನ್ನು ಕೋಡಂಗಿ ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಅವತ್ತು ಹಾಡಿದ. ಮೊಲ, ಅಳು ಎಲ್ಲಾ ಬಾಯಿಗೆ ಬಂದ ಪದ. ನೀನು ದೊಡ್ಡ ಮನುಷ್ಯ ಅಂತ ಹೇಳಿದರು, ಅದು ಬರೀ ಸುಳ್ಳು ಅನ್ನುವ ಒಂದು ಸಾಲು ಮಾತ್ರ ಮೂಲದಿಂದ ಹೇಗೋ ಉಳಿದುಕೊಂಡಿತ್ತು. ಆ ಸಾಲಿನಲ್ಲಿ ಅವನ ದನಿ ಹೇಗೆ ಏರುತ್ತದೆ ಗಮನಿಸಿ. ಎದುರಾಳಿ ಕಳೆದುಹೋಗಿದ್ದ ಬೈಗುಳಕ್ಕೆ ಅವತ್ತು ಮತ್ತೆ ಒಬ್ಬ ಎದುರಾಳಿ ಸಿಕ್ಕಿದ್ದ. ಆದ್ದರಿಂದಲೇ ಎಲ್ವಿಸ್‌ನ ರೆಕಾರ್ಡ್ ಅನ್ನು ಸುಮ್ನೆ ನಕಲು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಾಸ್ಟೆಲಿನಲ್ಲಿ ಅರ್ಥ ಗೊತ್ತಿಲ್ಲದೆ ಕುಣಿದವನು ನಾನು. ಆ ಕುಣಿತ ಸುಳ್ಳಲ್ಲ.

ಇನ್ನು ಹಾಡು ಹಿಡಿದ ಪರಿ. ‘ಡೋಂಟ್ ಬಿ ಕ್ರೂಯೆಲ್’ ಇನ್ನೊಂದು ಬದಿಯಲ್ಲಿದ್ದ ಆ ರೆಕಾರ್ಡ್ 11 ವಾರ ಮೊದಲ ಸ್ಥಾನದಲ್ಲಿ ಕೂತಿತು. ಪಾಪ್, ಕಂಟ್ರಿ, ರಿದಮ್ ಅಂಡ್ ಬ್ಲೂಸ್, ಮೂರೂ ಪಟ್ಟಿಗಳ ತುದಿ ಮುಟ್ಟಿತು. ಬಿಳಿಯರ ಬಸ್ಸು, ಕಪ್ಪು ಜನರ ಬಸ್ಸು ಅಂತ ಇದ್ದ ದೇಶದಲ್ಲಿ ಪಟ್ಟಿಗಳೂ ಬೇರೆ ಬೇರೆ ಇದ್ದವು, ನೆನಪಿರಲಿ. ಸೆಪ್ಟೆಂಬರ್ 9ರಂದು ಎಡ್ ಸಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ಎಲ್ವಿಸ್ ಬಂದಾಗ ನೋಡಿದವರು ಸುಮಾರು ಆರು ಕೋಟಿ ಜನ. ಅಲ್ಲೂ ಈ ಹಾಡಿನ ಒಂದು ತುಣುಕು ಇತ್ತು.

ಈ ಗದ್ದಲ ನಡೆಯುವಾಗ ಸ್ಟಾಲರ್ ದೇಶದಲ್ಲೇ ಇರಲಿಲ್ಲ. ಹೆಂಡತಿ ಜೊತೆ ಯುರೋಪ್ ಸುತ್ತಿ ‘ಆಂದ್ರಿಯಾ ದೋರಿಯಾ’ ಹಡಗಿನಲ್ಲಿ ವಾಪಸ್ ಬರುತ್ತಿದ್ದ. ಜುಲೈ 25ರ ರಾತ್ರಿ ಮಂಜಿನಲ್ಲಿ ಆ ಹಡಗಿಗೆ ‘ಸ್ಟಾಕ್‌ಹೋಮ್’ ಅನ್ನುವ ಇನ್ನೊಂದು ಹಡಗು ಬಂದು ಗುದ್ದಿತು. ಮಾರನೇ ದಿನ ‘ಆಂದ್ರಿಯಾ ದೋರಿಯಾ’ ಮುಳುಗಿತು. ಸ್ಟಾಲರ್ ದಂಪತಿ ಲೈಫ್‌ಬೋಟ್ ಹತ್ತಿ, ಒಂದು ಸರಕು ಹಡಗಿನ ಕೈಗೆ ಸಿಕ್ಕಿ, ಜೀವ ಉಳಿಸಿಕೊಂಡು ನ್ಯೂಯಾರ್ಕ್ ಬಂದರಿಗೆ ಬಂದರು. ಹಡಗುಕಟ್ಟೆಯಲ್ಲಿ ಲೀಬರ್ ಕಾಯುತ್ತಿದ್ದ. ಗೆಳೆಯ ಬದುಕಿದ್ದಾನೆ ಅನ್ನುವ ಸಮಾಧಾನ ಒಂದು ಕಡೆ, ಹೇಳಲೇಬೇಕಾದ ಸುದ್ದಿ ಇನ್ನೊಂದು ಕಡೆ. ನಮ್ಮ ‘ಹೌಂಡ್ ಡಾಗ್’ ದೊಡ್ಡ ಹಿಟ್ ಆಗಿದೆ ಅಂದ. ಬಿಗ್ ಮಾಮಾದಾ ಅಂತ ಸ್ಟಾಲರ್ ಕೇಳಿದ. ಅಲ್ಲ, ಯಾರೋ ಎಲ್ವಿಸ್ ಪ್ರೀಸ್ಲಿ ಅನ್ನೋ ಬಿಳಿ ಹುಡುಗನದ್ದು ಅಂತ ಉತ್ತರ ಬಂತು. ಇಬ್ಬರಿಗೂ ಆ ರೆಕಾರ್ಡ್ ಹಿಡಿಸಲಿಲ್ಲ. ವೇಗ ಜಾಸ್ತಿ, ನರ ಎಳೆದ ಹಾಗಿದೆ ಅಂದರು. ಮುಂದಿನ ವರ್ಷವೇ ಅದೇ ಎಲ್ವಿಸ್‌ಗೆ ‘ಜೈಲ್‌ಹೌಸ್ ರಾಕ್’ ಬರೆದುಕೊಟ್ಟರು. ದುಡ್ಡು ಬಂದರೆ ಮೊಲವನ್ನೂ ಸಹಿಸಿಕೊಳ್ಳಬಹುದು.

ಥಾರ್ನ್‌ಟನ್‌ಗೆ ಮಾತ್ರ ಈ ಎರಡನೇ ಸುತ್ತಿನಿಂದ ಏನೂ ಬರಲಿಲ್ಲ. ಇದರಲ್ಲಿ ಎಲ್ವಿಸ್‌ನ ಮೋಸ ಇಲ್ಲ, ಕಾನೂನೇ ಹಾಗಿತ್ತು. 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ಹಾಡು ಒಮ್ಮೆ ರೆಕಾರ್ಡ್ ಆಯಿತು ಅಂದರೆ, ರೆಕಾರ್ಡಿನ ಒಂದೊಂದು ಪ್ರತಿಗೂ ಎರಡು ಸೆಂಟ್ ಕಟ್ಟಿ ಯಾರು ಬೇಕಾದರೂ ಅದನ್ನು ಹಾಡಬಹುದಿತ್ತು. ಆ ಎರಡು ಸೆಂಟ್ ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದವರಿಗೆ ಅದರಲ್ಲಿ ಪಾಲಿಲ್ಲ. ಧ್ವನಿಮುದ್ರಣಕ್ಕೇ ಅಂತ ಅಮೆರಿಕದ ಕೇಂದ್ರ ಕಾನೂನಿನಲ್ಲಿ ರಕ್ಷಣೆ ಬಂದದ್ದು 1972ರ ಫೆಬ್ರವರಿಯಲ್ಲಿ. ಅಲ್ಲಿನ ಎಫ್‌ಎಂ, ಎಎಂ ರೇಡಿಯೊಗಳು ಹಾಡು ಹಾಕಿದಾಗ ಇವತ್ತಿಗೂ ಹಾಡಿದವರಿಗೆ ಹಣ ಕೊಡಬೇಕಾಗಿಲ್ಲ, ಬರೆದವರಿಗೆ ಮಾತ್ರ.

ಅಂದರೆ ಕಾಗದದ ಮೇಲೆ ಇದ್ದದ್ದು ಆಸ್ತಿ, ಗಂಟಲಲ್ಲಿ ಇದ್ದದ್ದು ಗಾಳಿ. ಆ ಊಳು, ಗಿಟಾರಿನ ಜೊತೆಗಿನ ಆ ಮಾತು, ಒಂದೊಂದು ಪದವನ್ನೂ ಹಲ್ಲಿಗೆ ಉಜ್ಜುವ ಆ ರೀತಿ, ಇವು ಯಾವ ಕಾಗದದಲ್ಲೂ ಇರಲಿಲ್ಲ. ಲೀಬರ್ ಬರೆದ ಪದಗಳನ್ನು ಓದಿ ನೋಡಿ, ಸಾಧಾರಣ. ನನಗೆ ಇದರಲ್ಲಿ ಬೇಸರ ಆಗುವುದು ಇಷ್ಟಕ್ಕೇ. ಅವಳ ಹಾಡನ್ನು ಇನ್ನೊಬ್ಬ ಹಾಡಿದ ಅಂತ ಅಲ್ಲ, ಹಾಡುಗಳು ಕೈ ಬದಲಾಯಿಸುವುದೇ ಹಾಗೆ. ಆದರೆ ಅವಳು ಅವತ್ತು ಸ್ಟುಡಿಯೊದಲ್ಲಿ ಸೇರಿಸಿದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಕಲಮೇ ಇರಲಿಲ್ಲ.

ಇನ್ನೊಂದು ಹಾಡನ್ನು ಅವಳು ತಾನೇ ಬರೆದಳು, ‘ಬಾಲ್ ಅಂಡ್ ಚೈನ್’ ಅಂತ. ಬರೆದವರಿಗೆ ದುಡ್ಡು ಬರುತ್ತದಲ್ಲ, ಈ ಸಲವಾದರೂ? ಅದರ ಹಕ್ಕು ಒಂದು ಚಿಕ್ಕ ಕಂಪನಿಯ ಕೈಯಲ್ಲಿ ಉಳಿದುಬಿಟ್ಟಿತ್ತು. ಬಿಳಿ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಸಂಗೀತ ಉತ್ಸವದಲ್ಲಿ ಆ ಹಾಡು ಹಾಡಿ ರಾತ್ರೋರಾತ್ರಿ ಹೆಸರು ಮಾಡಿದಳು. ಥಾರ್ನ್‌ಟನ್‌ಳ ಹೆಸರೂ ಒಂದಿಷ್ಟು ಜನಕ್ಕೆ ಗೊತ್ತಾಯಿತು, ಕಾರ್ಯಕ್ರಮಗಳು ಸಿಕ್ಕವು. ಅಷ್ಟೆ.

1965ರಲ್ಲಿ ಅವಳು ಯುರೋಪಿಗೆ ಹೋಗಿದ್ದಾಗ ಟಿವಿಗೆ ಹಾಡಿದ ‘ಹೌಂಡ್ ಡಾಗ್’ ಒಂದಿದೆ, ಕಪ್ಪು ಬಿಳುಪಿನದು. ಗಿಟಾರ್ ಹಿಡಿದವನು ಆಗಿನ್ನೂ ಹುಡುಗನಾಗಿದ್ದ ಬಡ್ಡಿ ಗೈ. ಎಲ್ವಿಸ್ ಬಂದು ಹೋಗಿ ಒಂಬತ್ತು ವರ್ಷವಾಗಿತ್ತು. ಅವಳು ಹಳೆಯ ಪದಗಳನ್ನೇ ಹಾಡುತ್ತಾಳೆ. ಬಾಗಿಲು, ಬಾಲ, ಊಟ. ಮೊಲ ಇಲ್ಲ. 1967ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಿಬಿಸಿ ರೇಡಿಯೊಗೆ ಈ ಹಾಡು ನುಡಿಸಿದಾಗ ಹಿನ್ನೆಲೆಯಲ್ಲಿ ನಾಯಿಯ ಬೊಗಳಾಟ ಇದೆ. ಅದು ಎಲ್ವಿಸ್‌ನ ರೆಕಾರ್ಡಿನಲ್ಲಿ ಇಲ್ಲ. ಹಾಗಾದರೆ ಯಾರದ್ದನ್ನು ಕೇಳಿ ಬೆಳೆದಿದ್ದ ಅಂತ ನೀವೇ ಯೋಚಿಸಿ.

ಥಾರ್ನ್‌ಟನ್ ತೀರಿಕೊಂಡದ್ದು 1984ರ ಜುಲೈ 25ರಂದು, ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿ. 57 ವರ್ಷ. ಕುಡಿತ ಮತ್ತು ಕಾಯಿಲೆಯಿಂದ ಆ ದೊಡ್ಡ ದೇಹ ಕಡ್ಡಿಯಾಗಿತ್ತು. ಅಂತ್ಯಕ್ರಿಯೆಯಲ್ಲಿ ಪ್ರಾರ್ಥನೆ ನಡೆಸಿಕೊಟ್ಟವನು ಜಾನಿ ಓಟಿಸ್, ಅವತ್ತು ಡ್ರಮ್ ಬಾರಿಸಿದವನೇ. ಅಷ್ಟರಲ್ಲಿ ಅವನು ಪಾದ್ರಿಯಾಗಿದ್ದ. ರಾಕ್ ಸಂಗೀತದ ದೊಡ್ಡವರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಎಲ್ವಿಸ್ ಸೇರಿದ್ದು 1986ರಲ್ಲಿ, ಮೊದಲ ತಂಡದಲ್ಲೇ. ಲೀಬರ್, ಸ್ಟಾಲರ್ 1987ರಲ್ಲಿ. ಅವಳು 2024ರಲ್ಲಿ.

ಅವರೆಕಾಯಿಯ ಸಂಜೆಗೆ ವಾಪಸ್ ಬರುತ್ತೇನೆ. ಅವಳ ರೆಕಾರ್ಡಿನ ಕೊನೆಗೆ ಬ್ಯಾಂಡಿನ ಗಂಡಸರೆಲ್ಲ ಸೇರಿ ನಾಯಿಗಳ ಹಾಗೆ ಬೊಗಳುತ್ತಾರೆ, ಊಳಿಡುತ್ತಾರೆ. ಬೈಸಿಕೊಂಡವನು ಬಾಲ ಮುದುರಿಕೊಂಡು ಓಡಿಹೋಗುತ್ತಿರಬೇಕು. ಅಮ್ಮ ಸಿಪ್ಪೆ ಒಂದು ಕಡೆ ಗುಡ್ಡೆ ಮಾಡುತ್ತಿದ್ದವಳು ಕಿಟಕಿ ಕಡೆ ತಿರುಗಿದಳು.

“ಗೇಟ್ ಹಾಕಿದ್ದೀಯ ತಾನೆ? ನಾಯಿ ಬಂದಿದೆ ನೋಡು.”

“ಹಾಡಿನಲ್ಲಮ್ಮಾ.”

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಕಾಳನ್ನು ಪಾತ್ರೆಗೆ ಸುರಿಯುತ್ತಾ, “ಆ ಮೊದಲನೇ ಗಲಾಟೆ ಬೇಡ. ಇವಳದ್ದು ಇನ್ನೊಂದು ಸಲ ಹಾಕು” ಅಂದಳು.